ಟ್ಯಾಬ್ ದೂರ ತಳ್ಳುವ ಮಗು

ಮಾತು ಬಾರದ ಮಗುವಿಗೆಂದು ತಂದ ಟ್ಯಾಬ್; ಚಿತ್ರ ಒತ್ತಿದರೆ ಅದು ಮಾತಾಡುತ್ತದೆ. ಆದರೂ ಮಗು ಅದನ್ನು ದೂರ ತಳ್ಳುತ್ತದೆ. ಏಕೆ? ಎಷ್ಟೋ ಮನೆಗಳಲ್ಲಿ ಅದು ಪರೀಕ್ಷೆಯಾಗಿಬಿಟ್ಟಿದೆ: "ಸೇಬು ಎಲ್ಲಿದೆ? ಒತ್ತು!"

ಮೊದಲು ದೊಡ್ಡವರೇ ಅದರಲ್ಲಿ ಮಾತಾಡಬೇಕು. ತಟ್ಟೆಗೆ ದೋಸೆ ಹಾಕುತ್ತಾ ಅಮ್ಮ 'ಇನ್ನೂ', 'ಬೇಕು' ಒತ್ತಲಿ. ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ಕಾಯಲಿ. ಮಗು ಒತ್ತದಿದ್ದರೂ ದೋಸೆ ಸಿಗಲಿ. ಕೈ ಹಿಡಿದು ಒತ್ತಿಸುವುದಂತೂ ಬೇಡವೇ ಬೇಡ. 'ಸಾಕು' ಅನ್ನುವ ಗುಂಡಿ ಮೊದಲ ಪುಟದಲ್ಲೇ ಇರಲಿ. ಮಗು ಅದನ್ನು ಒತ್ತಿದರೆ ದೊಡ್ಡವರು ಕೇಳಲೇಬೇಕು.

ಯಂತ್ರ ಬಂದರೆ ಬಾಯಿಮಾತು ನಿಂತುಹೋದೀತೇ?

2006ರಲ್ಲಿ ಅಮೆರಿಕದ ಸಂಶೋಧಕರು ಹಿಂದಿನ ಅಧ್ಯಯನಗಳನ್ನು ಜಾಲಾಡಿ, ಮಾತಿಗೆ ಪೂರಕವಾದ ಸಂವಹನ ವಿಧಾನ ಬಳಸಿದ 27 ಮಂದಿಯ ವಿವರ ತೂಗಿ ನೋಡಿದರು. ಒಬ್ಬರ ಮಾತೂ ಕುಗ್ಗಿರಲಿಲ್ಲ. ಶೇಕಡ 89 ಮಂದಿಯಲ್ಲಿ ಹೆಚ್ಚಿತ್ತು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಸಂವಹನ ವಿಧಾನಗಳನ್ನು ಬಲ್ಲ ತಜ್ಞರಿದ್ದಾರೆ. ತಡಮಾಡದೆ ಹೋಗಿ ಕೇಳಿ.