ಮರಳಿನೊಳಗಿನ ಹೊಳೆ: ಉತ್ತರ ಪಿನಾಕಿನಿ



ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಕಡೆಯವರಿಗೆ ಉತ್ತರ ಪಿನಾಕಿನಿಯ ಗುರುತು ಹೇಳಬೇಕಾಗಿಲ್ಲ. ಆದರೆ ವರ್ಷದಲ್ಲಿ ಬಹುಕಾಲ ಅದರಲ್ಲಿ ನೀರೇ ಕಾಣದು. ಈ ಹೊಳೆ ಎಲ್ಲಿ ಹುಟ್ಟುತ್ತೆ, ಹಿಂದೆ ಹೇಗಿತ್ತು, ಈಗೇಕೆ ಬತ್ತಿದೆ ಎಂಬುದನ್ನು ಇವತ್ತು ವಿಚಾರ ಮಾಡೋಣ.

ನಂದಿಬೆಟ್ಟದ ಸಾಲಿನ ಚನ್ನಕೇಶವ ಬೆಟ್ಟದಲ್ಲಿ ಇದರ ಹುಟ್ಟು. ಶಿವನ ಬಿಲ್ಲಿಗೆ ಪಿನಾಕವೆಂದು ಹೆಸರು, ಅದರಿಂದ ಪಿನಾಕಿನಿ. ಇದೇ ಸಾಲಿನ ನೀರು ಒಂದು ಕಡೆ ಅರ್ಕಾವತಿಯಾಗಿ ಕಾವೇರಿಗೆ ಸೇರುತ್ತೆ, ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡಿಗೆ ಇಳಿಯುತ್ತೆ. ನಮ್ಮ ಹೊಳೆ ಉತ್ತರಕ್ಕೆ ತಿರುಗಿ, ಗೌರಿಬಿದನೂರು, ವಿದುರಾಶ್ವತ್ಥ ದಾಟಿ ಹಿಂದೂಪುರದ ಸೀಮೆಗೆ ಹೋಗುತ್ತೆ. ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಮತ್ತೆ ನಮ್ಮ ನಾಡನ್ನು ಮುಟ್ಟಿ ಆಂಧ್ರ ಸೇರುತ್ತೆ. ಅಲ್ಲಿ ಇದಕ್ಕೆ ಪೆನ್ನಾ ಎಂದು ಹೆಸರು. ಚಿತ್ರಾವತಿ, ಪಾಪಾಗ್ನಿಗಳನ್ನು ಕೂಡಿಕೊಂಡು, ಒಟ್ಟು 597 ಕಿಲೋಮೀಟರು ಹರಿದು, ನೆಲ್ಲೂರಿನ ಆಚೆ ಸಮುದ್ರಕ್ಕೆ ಸೇರುತ್ತೆ.

ಹೊಳೆ ಚಿಕ್ಕದಾದರೂ ಚರಿತ್ರೆ ಚಿಕ್ಕದಲ್ಲ. 1892ರಲ್ಲಿ ಮೈಸೂರಿಗೂ ಮದರಾಸಿಗೂ ಆದ ಒಪ್ಪಂದದ ಪಟ್ಟಿಯಲ್ಲಿ ಇದರ ಹೆಸರಿದೆ. ಮೇಲಿನವರು ಹೊಸ ಅಣೆಕಟ್ಟು ಕಟ್ಟಬೇಕಾದರೆ ಕೆಳಗಿನವರ ಒಪ್ಪಿಗೆ ಬೇಕೆಂಬುದು ಅದರ ಸಾರ. 1938ರ ಏಪ್ರಿಲ್ 25ರಂದು ಇದೇ ಹೊಳೆಯ ದಂಡೆಯ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿತು. ಹಲವರು ಪ್ರಾಣ ತೆತ್ತರು.

ಈಗ ನೀರಿನ ಮಾತು. ಇದು ಹಿಮ ಕರಗಿ ಹರಿಯುವ ನದಿಯಲ್ಲ, ಮಳೆಯನ್ನೇ ನಂಬಿದ ಹೊಳೆ. ಮಳೆನೀರು ಮೊದಲು ಕೆರೆ ತುಂಬಬೇಕು. ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅಲ್ಲಿಂದ ಹೊಳೆಗೆ. ಹೊಳೆಯ ಮರಳು ಆ ನೀರನ್ನು ಸ್ಪಂಜಿನ ಹಾಗೆ ಹಿಡಿದಿಡುತ್ತಿತ್ತು. ಮೇಲೆ ಒಣಗಿದ್ದರೂ ಒಳಗೆ ಹರಿವು. ಮರಳು ಬಗೆದು ತಲಪರಿಗೆ ತೆಗೆದರೆ ನೀರು ತಾನಾಗಿ ಕಾಲುವೆಗೆ ಬರುತ್ತಿತ್ತು. ದಂಡೆಯ ಬಾವಿಗಳಲ್ಲಿ ಕಪಿಲೆ ಹೊಡೆಯುತ್ತಿದ್ದರು.

ಇದು ಕೆಟ್ಟದ್ದು ಹೇಗೆ? ರಾಜಕಾಲುವೆ ಒತ್ತುವರಿಯಾಯಿತು, ಕೆರೆಯಲ್ಲಿ ಹೂಳು ತುಂಬಿತು. ಮರಳು ಲಾರಿ ಹತ್ತಿತು. ಕೊಳವೆಬಾವಿ ನೂರಾರು ಅಡಿ ಇಳಿಯಿತು. ಒಳಗಿನ ನೀರು ಕೆಳಕ್ಕಿಳಿದ ಮೇಲೆ ಹೊಳೆಗೆ ಒಸರು ಎಲ್ಲಿಂದ ಬಂದೀತು? ಆಳದ ಬಂಡೆಯ ನೀರಲ್ಲಿ ಕೆಲವು ಕಡೆ ಫ್ಲೋರೈಡೂ ಹೆಚ್ಚು. ಅದು ಮಕ್ಕಳ ಹಲ್ಲಿಗೆ, ದೊಡ್ಡವರ ಮೂಳೆಗೆ ಕೇಡು. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸದೆ ಬಳಸಬೇಡಿ, ತಾಯಂದಿರೇ.

ಹಾಗಂತ ಹೊಳೆ ಸತ್ತಿಲ್ಲ. 2021ರ ನವೆಂಬರಿನ ಮಳೆಗೆ ಈ ಜಿಲ್ಲೆಯ ಕೆರೆಗಳು ಕೋಡಿ ಬಿದ್ದವು. ಕೆಳಗೆ ಕಡಪ, ನೆಲ್ಲೂರುಗಳಲ್ಲಿ ಪ್ರವಾಹವೇ ಬಂತು. ಆದರೆ ಒಮ್ಮೆಗೇ ಹರಿದುಹೋದ ನೀರಿನಿಂದ ಬೇಸಿಗೆಗೆ ಏನು ಲಾಭ?

ಲೆಕ್ಕ ಕೇಳಿ. ಒಂದು ಎಕರೆ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರು ನೀರು. ಹೊಲಕ್ಕೆ ಅಡ್ಡಲಾಗಿ ಬದು ಹಾಕಿ, ಇಳಿಜಾರಿಗೆ ಅಡ್ಡವಾಗಿ ಉತ್ತು ಬಿತ್ತಿದರೆ ಅದರಲ್ಲಿ ಒಳ್ಳೆಯ ಪಾಲು ನೆಲಕ್ಕೆ ಇಂಗುತ್ತೆ; ರಾಗಿ, ಕಡಲೆಕಾಯಿಗೂ ತೇವ ಉಳಿಯುತ್ತೆ. ಬೇಸಿಗೆಯಲ್ಲಿ ಕೆರೆ ಹೂಳೆತ್ತಿ ಹೊಲಕ್ಕೆ ಹೊಡೆಯಿರಿ. ಮುಂಗಾರಿಗೆ ಮುಂಚೆ ಊರೆಲ್ಲ ಸೇರಿ ರಾಜಕಾಲುವೆ ಬಿಡಿಸಿ. ಕೊಳವೆಬಾವಿಯ ಪಕ್ಕ ಇಂಗುಗುಂಡಿ ತೆಗೆಯಿರಿ. ಹೊಳೆಯ ಮರಳು ಮುಟ್ಟಲು ಬಿಡಬೇಡಿ.

ನಮ್ಮ ಎಷ್ಟೋ ಊರುಗಳ ಹೆಸರಿನಲ್ಲೇ ಕುಂಟೆ ಇದೆ, ಕೆರೆ ಇದೆ. ಹೆಸರಿನಲ್ಲಿರುವ ನೀರು ನೆಲದಲ್ಲೂ ಉಳಿದರೆ ಹೊಳೆ ತಾನಾಗಿ ಉಳಿಯುತ್ತೆ.