ರಕ್ತದ ಗುಂಪು ಬೇರೆಯಾದರೆ ಸಾಕೆ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಮದುವೆಯ ಮಾತು ಬಂದಾಗ ಮೊದಲು ಸಂಬಂಧದೊಳಗೇ ಹುಡುಕುವ ಮನೆಗಳು ಇಂದಿಗೂ ಇವೆ. ಅಕ್ಕನ ಮಗಳಿದ್ದರೆ ತಮ್ಮನಿಗೆ, ಇಲ್ಲದಿದ್ದರೆ ಸೋದರಮಾವನ ಮಗಳು ಅಥವಾ ಸೋದರತ್ತೆಯ ಮಗಳು. ಹೊಲ ಹಂಚಿಹೋಗುವುದಿಲ್ಲ, ವರದಕ್ಷಿಣೆಯ ಜಗ್ಗಾಟವಿಲ್ಲ, ಮಗಳು ಅಪರಿಚಿತರ ಮನೆ ಸೇರಿದಳೆಂಬ ಚಿಂತೆಯಿಲ್ಲ. ಹಿರಿಯರ ಈ ಲೆಕ್ಕವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ರೂಢಿ ಇರುವ ಕಡೆ 1955ರ ಹಿಂದೂ ವಿವಾಹ ಕಾಯ್ದೆಯೂ ಇದಕ್ಕೆ ಅಡ್ಡ ಬರುವುದಿಲ್ಲ.

ಆದರೆ ಇದರ ಜೊತೆಗೆ ಒಂದು ಮಾತು ಎಲ್ಲೆಡೆ ಕೇಳಿಬರುತ್ತದೆ: "ಇಬ್ಬರದೂ ರಕ್ತದ ಗ್ರೂಪ್ ಬ್ಯಾರೆ ಬ್ಯಾರೆ ಐತ್ರಿ, ಏನೂ ಆಗೂದಿಲ್ಲ." ಪ್ರಯೋಗಾಲಯದ ಚೀಟಿ ಕೈಗೆ ಬಂದೊಡನೆ ನಿಶ್ಚಿತಾರ್ಥ ಮುಗಿಯುತ್ತದೆ. ಈ ನಂಬಿಕೆ ಪೂರ್ತಿ ತಪ್ಪು. ರಕ್ತದ ಗುಂಪನ್ನು ನಿರ್ಧರಿಸುವುದು ಒಂದೆರಡು ವಂಶವಾಹಿಗಳು ಮಾತ್ರ. ನಮ್ಮ ದೇಹದಲ್ಲಿ ಅಂಥವು ಸುಮಾರು 20,000 ಇವೆ. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದರೆ ಗರ್ಭಿಣಿಗೆ ಒಂದು ಚುಚ್ಚುಮದ್ದು ಬೇಕಾಗಬಹುದು. ಅದಕ್ಕಾಗಿ ಗುಂಪು ತಿಳಿದಿರಬೇಕು. ಸಂಬಂಧದ ಮದುವೆಗೆ ಅದರಿಂದ ಅಭಯ ಸಿಗುವುದಿಲ್ಲ. ಬೆಡಗು ಬೇರೆ, ಗೋತ್ರ ಬೇರೆ ಎಂಬ ಸಮಾಧಾನವೂ ಅಷ್ಟೆ. ಬೆಡಗು ತಂದೆಯಿಂದ ಬರುತ್ತದೆ, ವಂಶವಾಹಿಗಳು ತಾಯಿಯ ಕಡೆಯಿಂದಲೂ ಬರುತ್ತವೆ.

ಹಾಗಾದರೆ ಅಪಾಯ ಎಲ್ಲಿದೆ? ಬನಹಟ್ಟಿಯ ನೇಕಾರರಿಗೆ ಇದನ್ನು ಹೇಳುವುದು ಸುಲಭ. ಎರಡೆಳೆ ಹುರಿಮಾಡಿದ ನೂಲಿನಲ್ಲಿ ಒಂದು ಎಳೆ ಒಂದು ಕಡೆ ಸವೆದಿದ್ದರೂ ಇನ್ನೊಂದು ಹಿಡಿದಿರುತ್ತದೆ. ಎರಡೂ ಒಂದೇ ಜಾಗದಲ್ಲಿ ಸವೆದಿದ್ದರೆ ನೂಲು ತುಂಡಾಗುತ್ತದೆ. ನಮ್ಮ ವಂಶವಾಹಿಗಳೂ ಜೋಡಿಯಾಗಿಯೇ ಇರುತ್ತವೆ, ತಾಯಿಯದೊಂದು, ತಂದೆಯದೊಂದು. ದೋಷವಿರುವ ಒಂದೆರಡು ಎಳೆ ಪ್ರತಿಯೊಬ್ಬರಲ್ಲೂ ಇರುತ್ತವೆ, ನಿಮ್ಮಲ್ಲೂ, ನನ್ನಲ್ಲೂ. ಜೋಡಿಯ ಇನ್ನೊಂದು ಎಳೆ ಸರಿಯಿರುವುದರಿಂದ ಅದು ಜೀವಮಾನವಿಡೀ ಗೊತ್ತೇ ಆಗುವುದಿಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷವಿದ್ದರೆ ಮಾತ್ರ ಮಗುವಿಗೆ ಕಾಯಿಲೆ ಬರುವ ಸಂಭವವುಂಟು. ಹುಟ್ಟು ಕಿವುಡು, ಕೆಲವು ಬಗೆಯ ಕುರುಡು, ಬುದ್ಧಿಮಾಂದ್ಯ, ಥಲಸ್ಸೀಮಿಯಾ ಹೀಗೆ ಬರುವುದುಂಟು.

ಈಗ ಲೆಕ್ಕ ನೋಡಿ. ವರನಲ್ಲಿ ಇಂಥ ಒಂದು ಸುಪ್ತ ದೋಷವಿದೆ ಎನ್ನೋಣ. ಅವನ ಅಕ್ಕನಲ್ಲಿ ಅದೇ ದೋಷವಿರುವ ಸಂಭವ ಎರಡರಲ್ಲಿ ಒಂದು, ಅಕ್ಕನ ಮಗಳಲ್ಲಿ ನಾಲ್ಕರಲ್ಲಿ ಒಂದು, ಸೋದರಮಾವನ ಮಗಳಲ್ಲಿ ಎಂಟರಲ್ಲಿ ಒಂದು. ಹೊರಗಿನ ಹುಡುಗಿಯಲ್ಲಿ ಅದು ನೂರಕ್ಕೆ ಒಂದಾಗಿರಬಹುದು, ಇನ್ನೂ ಕಡಿಮೆಯೂ ಇರಬಹುದು. ಅಂದರೆ ಅಕ್ಕನ ಮಗಳೊಂದಿಗಿನ ಮದುವೆಯ ಅಪಾಯ ಸೋದರಮಾವನ ಮಗಳಿಗಿಂತ ಇಮ್ಮಡಿ. ನಮ್ಮಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ, ಅದು ಸರಿಯಲ್ಲ.

ಹೆದರಿಸುವುದು ಈ ಲೇಖನದ ಉದ್ದೇಶವಲ್ಲ. ಸಂಬಂಧವಿಲ್ಲದ ದಂಪತಿಗಳಲ್ಲೂ ನೂರಕ್ಕೆ ಎರಡು ಮೂರು ಮಕ್ಕಳು ಹುಟ್ಟಿನಿಂದಲೇ ಗಂಭೀರ ತೊಂದರೆ ಹೊಂದಿರುತ್ತವೆ. ಸೋದರಮಾವ, ಸೋದರತ್ತೆಯರ ಮಕ್ಕಳನ್ನು ಮದುವೆಯಾದವರಲ್ಲಿ ಇದಕ್ಕೆ ಮತ್ತೆ ಎರಡು ಮೂರು ಸೇರುತ್ತದೆ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಮನೆತನದಲ್ಲಿ ಈಗಾಗಲೇ ಅಂಥ ಮಗು ಹುಟ್ಟಿದ್ದರೆ ಈ ಸರಾಸರಿ ಲೆಕ್ಕ ನಿಮಗೆ ಅನ್ವಯಿಸದು.

ಕರ್ನಾಟಕದಲ್ಲಿ ಇದರ ಅಧ್ಯಯನ ಹೊಸದಲ್ಲ. 1980ರಿಂದ 1989ರವರೆಗೆ ಬೆಂಗಳೂರು ಮತ್ತು ಮೈಸೂರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮದುವೆಗಳ ವಿವರ ಕಲೆಹಾಕಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ.ಎಚ್. ಬಿಟಲ್ಸ್ ಮೊದಲಾದವರ ಈ ಕೆಲಸದಲ್ಲಿ ಮೂರರಲ್ಲೊಂದರಷ್ಟು ಮದುವೆಗಳು ರಕ್ತಸಂಬಂಧದವೆಂದು ತಿಳಿದುಬಂತು. ದೊಡ್ಡ ನಗರಗಳಲ್ಲೇ ಹೀಗೆ! ಜಪಾನಿನಲ್ಲೂ ಸೋದರಸಂಬಂಧದ ಮದುವೆ ಒಂದು ಕಾಲಕ್ಕೆ ಸಾಮಾನ್ಯವಾಗಿತ್ತು. ಯುದ್ಧದ ನಂತರ ಹಿರೋಶಿಮಾ, ನಾಗಸಾಕಿಗಳಲ್ಲಿ ಶುಲ್ ಮತ್ತು ನೀಲ್ ಎಂಬ ವಿಜ್ಞಾನಿಗಳು ಇಂಥ ದಂಪತಿಗಳ ಮಕ್ಕಳನ್ನು ಪರೀಕ್ಷಿಸಿ 1965ರಲ್ಲಿ ಗ್ರಂಥ ಪ್ರಕಟಿಸಿದರು. ಅವರು ಕಂಡ ದುಷ್ಪರಿಣಾಮ ಸಣ್ಣದು, ಆದರೆ ಇತ್ತು. ಅಲ್ಲಿ ಈಗ ಆ ರೂಢಿ ಬಹುತೇಕ ಅಳಿದಿದೆ. 2003ರಲ್ಲಿ ಆರಂಭವಾದ ಬಯೋಬ್ಯಾಂಕ್ ಜಪಾನ್ ಸುಮಾರು 2 ಲಕ್ಷ ರೋಗಿಗಳ ವಂಶವಾಹಿ ಮಾಹಿತಿ ಸಂಗ್ರಹಿಸಿದೆ. ನಮ್ಮಲ್ಲೂ ಜೀನೋಮ್ ಇಂಡಿಯಾ ಯೋಜನೆಯಡಿ ಸುಮಾರು 10,000 ಭಾರತೀಯರ ಮಾಹಿತಿ ಸಿದ್ಧವಾಗಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ದೊರೆಯಿತು. ಅದರ ಫಲ ತಾಲ್ಲೂಕು ಆಸ್ಪತ್ರೆಯವರೆಗೆ ಬರಲು ಕಾಲ ಬೇಕು.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಬೇಕಾದಷ್ಟಿದೆ. ಮಾತುಕತೆ ಪಕ್ಕಾ ಆಗುವ ಮೊದಲೇ ಎರಡೂ ಕಡೆಯ ಮೂರು ತಲೆಮಾರಿನ ವಿವರ ಬರೆದಿಡಿ. ಮೇಲಿಂದ ಮೇಲೆ ಗರ್ಭಪಾತ, ಎಳೆಯ ಮಕ್ಕಳ ಸಾವು, ಕಿವುಡು, ಮೂರ್ಛೆ ಏನಿದ್ದರೂ ಮುಚ್ಚಿಡಬೇಡಿ. ಅಜ್ಜಿಯನ್ನು ಕೇಳಿ, ಗಂಡಸರಿಗಿಂತ ಅವರಿಗೇ ಹೆಚ್ಚು ನೆನಪಿರುತ್ತದೆ. ಈ ಕಾಗದ ಹಿಡಿದು ಆನುವಂಶಿಕ ಸಲಹೆ ನೀಡುವ ವೈದ್ಯರನ್ನು ಕಾಣಿ. ಯಾವ ಕಾಯಿಲೆ ಎಂದು ಗೊತ್ತಿದ್ದರೆ ವಧೂವರರ ರಕ್ತ ಪರೀಕ್ಷಿಸಿ ಆ ದೋಷವಿದೆಯೇ ಎಂದು ಹೇಳಬಲ್ಲ ಪರೀಕ್ಷೆಗಳುಂಟು. ಥಲಸ್ಸೀಮಿಯಾದ ಪರೀಕ್ಷೆಯಂತೂ ಬಹಳ ಸರಳ.

ಮದುವೆ ಆಗಿಹೋಗಿದ್ದರೆ? ಗರ್ಭ ಧರಿಸುವ ಮೊದಲೇ ವೈದ್ಯರ ಸಲಹೆಯಂತೆ ಫೋಲಿಕ್ ಆಮ್ಲದ ಮಾತ್ರೆ ಆರಂಭಿಸಿ. 18ರಿಂದ 20ನೇ ವಾರದ ಸ್ಕ್ಯಾನ್ ತಪ್ಪಿಸಬೇಡಿ, ಹುಟ್ಟಿದ ಮಗುವಿನ ಕಿವಿ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಒಂದು ಮಗುವಿಗೆ ಕಾಯಿಲೆ ಬಂದಿದ್ದರೆ "ಮುಂದಿನದು ಚಲೋ ಆಗತೈತಿ" ಎಂದು ಸುಮ್ಮನಿರಬೇಡಿ. ಇಬ್ಬರಲ್ಲೂ ದೋಷವಿದ್ದರೆ ಪ್ರತಿ ಬಸಿರಿಗೂ ಅಪಾಯ ಹೊಸದಾಗಿ ನಾಲ್ಕರಲ್ಲಿ ಒಂದೇ. ಸೊಸೆಯನ್ನು ದೂರುವ ಅತ್ತೆಯಂದಿರು ಗಮನಿಸಲಿ: ಈ ಕಾಯಿಲೆಗಳಲ್ಲಿ ಅರ್ಧ ಪಾಲು ಮಗನದು. ಸೊಸೆ ಸ್ವಂತ ಮಗಳ ಮಗಳೇ ಆಗಿದ್ದರೆ, ಇನ್ನರ್ಧವೂ ಅದೇ ಮನೆಯಿಂದ ಹೋದದ್ದು.