ಹಲಗೆಯ ಮೇಲೆ ಸುಟ್ಟ ಕಲೆಯೇ? ಗರಗಸವನ್ನು ಪರೀಕ್ಷಿಸಿ

ಬಾಗಿಲಿಗೆಂದು ವರ್ಷಗಟ್ಟಲೆ ಉಳಿಸಿಕೊಂಡಿದ್ದ ಹಲಸಿನ ಮರವನ್ನು ಕೊಯ್ಯಿಸುತ್ತೀರಿ. ಹಳದಿ ಹಲಗೆಯ ಅಂಚಿನುದ್ದಕ್ಕೂ ಕಪ್ಪು ಗೆರೆ ಬಿದ್ದಿರುತ್ತದೆ. 'ಮರದ ಗುಣವೇ ಹಾಗೆ' ಎಂದು ಕೆಲವರು ಸುಮ್ಮನಾಗುತ್ತಾರೆ. 'ಇನ್ನೂ ಜೋರಾಗಿ ತಳ್ಳು' ಎಂದು ಕೆಲವರು ಅವಸರಪಡಿಸುತ್ತಾರೆ. ಎರಡೂ ಸರಿಯಲ್ಲ. ಗರಗಸ ಮರವನ್ನು ಕೊಯ್ಯುವ ಬದಲು ಉಜ್ಜುತ್ತಿದೆ ಎಂಬುದೇ ಆ ಕಲೆಯ ಅರ್ಥ.

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಸಾಮಿಲ್‌ಗಳಿಗೆ ಮರ ಒಯ್ಯುವ ರೈತರೂ, ಕೈಯಲ್ಲಿ ಹಿಡಿಯುವ ಚಕ್ರ ಗರಗಸದಿಂದ ತೋಟದಲ್ಲೇ ರೀಪು, ಕೊಟ್ಟಿಗೆಯ ಹಲಗೆ ಕೊಯ್ದುಕೊಳ್ಳುವ ರೈತರೂ ಇದನ್ನು ತಿಳಿದಿರುವುದು ಲೇಸು.

ಶಾಖ ಹುಟ್ಟುವುದು ಹೇಗೆ?

7 ಅಂಗುಲದ ಬ್ಲೇಡು ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಅದರ ಹಲ್ಲಿನ ತುದಿ ಗಂಟೆಗೆ ಸುಮಾರು 170 ಕಿ.ಮೀ. ವೇಗದಲ್ಲಿ ಓಡುತ್ತದೆ. ಹಲ್ಲು ಹರಿತವಾಗಿದ್ದರೆ ಮರದ ಚೂರನ್ನು ಕಿತ್ತು ಹೊರಗೆ ಎಸೆಯುತ್ತದೆ; ಶಾಖವೂ ಹೊಟ್ಟಿನ ಜೊತೆಗೇ ಹೋಗುತ್ತದೆ. ಮೊಂಡಾಗಿದ್ದರೆ ಒಂದೇ ಜಾಗವನ್ನು ತಿಕ್ಕುತ್ತದೆ. ಮರ ಕರಿಕಲಾಗಬೇಕಾದರೆ 200 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಬೇಕು. ಅಷ್ಟು ಕಾದ ಬ್ಲೇಡಿನ ಅಂಚು ಹಿಗ್ಗಿ ಓಲಾಡುತ್ತದೆ. ಓಲಾಡಿದಷ್ಟೂ ಉಜ್ಜಾಟ ಹೆಚ್ಚು, ಉಜ್ಜಿದಷ್ಟೂ ಶಾಖ ಹೆಚ್ಚು.

ಹೊಟ್ಟನ್ನು ಕೈಯಲ್ಲಿ ಹಿಡಿದು ನೋಡಿ. ರವೆಯಂತೆ ತರಿತರಿಯಾಗಿದ್ದರೆ ಹಲ್ಲು ಕೊಯ್ಯುತ್ತಿದೆ. ರಾಗಿ ಹಿಟ್ಟಿನಂತೆ ನುಣ್ಣಗಿದ್ದು ಸುಟ್ಟ ವಾಸನೆ ಬಂದರೆ ಸಾಣೆ ಹಿಡಿಸುವ ಕಾಲ ಬಂದಿದೆ.

ಕಲೆ ಎಲ್ಲಿದೆ ಎಂಬುದೇ ಗುಟ್ಟು

1. ಎರಡೂ ಬದಿಗೆ, ಉದ್ದಕ್ಕೂ ಕಲೆ: ಹಲ್ಲು ಮೊಂಡಾಗಿದೆ, ಇಲ್ಲವೇ ಬ್ಲೇಡಿಗೆ ಅಂಟು ಮೆತ್ತಿದೆ. ಉಕ್ಕಿನ ಬ್ಲೇಡಿನಲ್ಲಿ ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಕೊಂಚ ಬಾಗಿರಬೇಕು. ಆ ಬಾಗು ಸವೆದರೆ ಸೀಳು ಕಿರಿದಾಗಿ ಬ್ಲೇಡಿನ ಮೈಯೇ ಮರಕ್ಕೆ ಉಜ್ಜುತ್ತದೆ.

2. ಒಂದೇ ಬದಿಗೆ ಕಲೆ: ಮೇಜಿನ ಗರಗಸವಾದರೆ ಹಲಗೆಯನ್ನು ಒರಗಿಸಿ ತಳ್ಳುವ ಪಟ್ಟಿ ಬ್ಲೇಡಿಗೆ ನೇರವಾಗಿಲ್ಲ. ಒಂದು ಹಲ್ಲಿಗೆ ಬಳಪದ ಗುರುತು ಹಾಕಿ. ಅದು ಮುಂದಿದ್ದಾಗ ಪಟ್ಟಿಯಿಂದ ಎಷ್ಟು ದೂರವಿದೆ, ಕೈಯಿಂದ ತಿರುಗಿಸಿ ಹಿಂದಕ್ಕೆ ತಂದಾಗ ಎಷ್ಟು ದೂರವಿದೆ ಎಂದು ಅಳೆಯಿರಿ. ಎರಡೂ ಸಮವಿರಬೇಕು. ಹಿಂದೆ ಕಡಿಮೆ ಬಂದರೆ ಮರ ಅಲ್ಲಿ ಸಿಕ್ಕಿಕೊಳ್ಳುತ್ತದೆ.

3. ಒಂದೇ ಜಾಗದಲ್ಲಿ ಕಲೆ: ಅಲ್ಲಿ ಕೈ ನಿಂತಿದೆ, ಇಲ್ಲವೇ ಗಂಟು ಅಡ್ಡ ಬಂದಿದೆ. ತಡೆಯದೆ, ಅವಸರವಿಲ್ಲದೆ ಒಂದೇ ಸಮನೆ ತಳ್ಳಿ.

4. ಕೊನೆಗೆ ಹೋದಂತೆ ಹೆಚ್ಚುವ ಕಲೆ: ಸೀಳು ಮುಚ್ಚಿಕೊಂಡು ಬ್ಲೇಡನ್ನು ಅದುಮುತ್ತಿದೆ. ಹಸಿ ಮರದಲ್ಲೂ ಸೊಟ್ಟ ಮರದಲ್ಲೂ ಇದು ಸಾಮಾನ್ಯ. ಮೋಟಾರು ನಿಲ್ಲಿಸಿ, ಕೊಯ್ದ ಸೀಳಿಗೆ ತೆಳುವಾದ ಮರದ ಬೆಣೆ ಕೊಡಿ. ಕೈ ಗರಗಸದಲ್ಲಿ ಕೊಯ್ಯುವಾಗ ಹಲಗೆ ನಡುವೆ ಜೋಲದಂತೆ ಆಸರೆ ಕೊಡಿ.

ಹಲಸು, ತೆಂಗು

ಗುಬ್ಬಿ ತಾಲ್ಲೂಕಿನ ಚೇಳೂರು ಎಂದರೆ ಹಲಸಿನ ಹಣ್ಣು ನೆನಪಾಗುತ್ತದೆ. ಹಣ್ಣಿನಂತೆ ಮರದಲ್ಲೂ ಅಂಟಿದೆ. ಹಸಿಯಾಗಿ ಕೊಯ್ದರೆ ಬ್ಲೇಡಿಗೆ ಮೆತ್ತುತ್ತದೆ. ಬ್ಲೇಡನ್ನು ಬಿಚ್ಚಿ, ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ನಾರಿನಿಂದ ಉಜ್ಜಿ, ತೊಳೆದು ಪೂರ್ತಿ ಒಣಗಿಸಿ.

ತೆಂಗಿನದು ಬೇರೆ ಕಥೆ. ಬಲಿತ ತೆಂಗಿನ ಕಾಂಡದ ಹೊರಭಾಗ ಒಣಗಿದ ಮೇಲೂ ಘನ ಮೀಟರಿಗೆ 600 ಕಿಲೋಗೂ ಹೆಚ್ಚು ತೂಗುತ್ತದೆ. ನಡುವಿನ ಮೆತ್ತನೆಯ ಭಾಗ 400 ಕಿಲೋಗಿಂತ ಕಡಿಮೆ ಇರುವುದುಂಟು. ಆ ಗಟ್ಟಿ ಹೊರಭಾಗ ಸಾದಾ ಉಕ್ಕಿನ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ತೆಂಗಿಗೆ ಕಾರ್ಬೈಡ್ ತುದಿಯ ಬ್ಲೇಡೇ ಸರಿ.

ಹಲ್ಲಿನ ಎಣಿಕೆಯೂ ಮುಖ್ಯ. 7 ಅಂಗುಲದ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಲು 24 ಹಲ್ಲು ಸಾಕು. ಅಡ್ಡಕ್ಕೆ ಕೊಯ್ಯಲು 40 ಅಥವಾ ಹೆಚ್ಚು ಬೇಕು. ಹೆಚ್ಚು ಹಲ್ಲಿನ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರೆ ಹೊಟ್ಟಿಗೆ ಜಾಗವಿಲ್ಲದೆ ಮರ ಸುಡುತ್ತದೆ.

ಖರ್ಚಿಲ್ಲದ್ದನ್ನು ಮೊದಲು ನೋಡಿ

ಹೊಸ ಬ್ಲೇಡು ಕೊಳ್ಳುವ ಮೊದಲು ಈ ಕ್ರಮ ಅನುಸರಿಸಿ. ಬ್ಲೇಡಿನ ಮೇಲಿನ ಬಾಣದ ಗುರುತು ತಿರುಗುವ ದಿಕ್ಕಿಗೇ ಇದೆಯೇ? ಅಂಟು ಇದೆಯೇ? ಪಟ್ಟಿ ನೇರವಾಗಿದೆಯೇ? ವೋಲ್ಟೇಜ್ ಬಿದ್ದಿದೆಯೇ? ಉದ್ದನೆಯ ತೆಳು ವೈರಿನಲ್ಲಿ ಕರೆಂಟು ಎಳೆದುಕೊಂಡರೂ ಮೋಟಾರು ಬಲಗುಂದಿ, ಬ್ಲೇಡು ನಿಧಾನವಾಗಿ ಮರ ಸುಡುತ್ತದೆ, ಮೋಟಾರೂ ಸುಡಬಹುದು. ಇವೆಲ್ಲ ಸರಿಯಿದ್ದರೆ ಸಾಣೆ ಹಿಡಿಸಿ. ಆಮೇಲೂ ಕಲೆ ನಿಲ್ಲದಿದ್ದರೆ ಬ್ಲೇಡು ಬದಲಿಸಿ. ಸಾಮಿಲ್‌ನಲ್ಲಿ ಕೊಯ್ಯಿಸುವವರು ಮೊದಲ ಹಲಗೆ ಹೊರಬಂದಾಗಲೇ ಅಂಚು ನೋಡಿ ಹೇಳಬೇಕು. ಇಡೀ ದಿಮ್ಮಿ ಮುಗಿದ ಮೇಲೆ ಹೇಳಿ ಫಲವಿಲ್ಲ.

ಕಲೆ ಬಿದ್ದ ಹಲಗೆಗೆ ಏನು ಮಾಡಬೇಕು?

ಕಲೆ ಸಾಮಾನ್ಯವಾಗಿ ಮೇಲ್ಪದರದಲ್ಲೇ ಇರುತ್ತದೆ; ಉಜ್ಜುಗೊರಡು ಹಾಕಿದರೆ ಹೋಗುತ್ತದೆ. ಹಾಗಾಗಿ ಕೊಯ್ಯಿಸುವಾಗಲೇ ಬದಿಗೆ ಒಂದೆರಡು ಮಿ.ಮೀ. ಹೆಚ್ಚು ಬಿಡಿಸಿ. ಸುಟ್ಟ ಅಂಚಿಗೆ ಗೋಂದು ಸರಿಯಾಗಿ ಹಿಡಿಯದು. ಹಾಗೆಯೇ ಜೋಡಿಸಿದರೆ ಬಾಗಿಲ ಹಲಗೆ ಮುಂದೆ ಬಿಟ್ಟುಕೊಳ್ಳಬಹುದು.

ಎಚ್ಚರ!

ಸಿಕ್ಕಿಕೊಂಡ ಮರವನ್ನು ಬಲವಂತವಾಗಿ ತಳ್ಳಿದರೆ ಬ್ಲೇಡು ಅದನ್ನು ತಳ್ಳುವವನ ಕಡೆಗೇ ಎಸೆಯುತ್ತದೆ. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಹೆಗಲ ಟವೆಲು, ಜೋಲುವ ಪಂಚೆ ಬೇಡ. ಕಣ್ಣಿಗೆ ಕನ್ನಡಕವಿರಲಿ. ಬ್ಲೇಡು ಮುಟ್ಟುವ ಮೊದಲು ಪ್ಲಗ್ ಕಿತ್ತಿಡಿ. ಕಾದ ಹೊಟ್ಟಿನೊಳಗೆ ಕಿಡಿ ಕಾಣದಂತೆ ಉಳಿದು ಗಂಟೆಗಳ ನಂತರವೂ ಹೊತ್ತಿಕೊಳ್ಳಬಹುದು. ಹುಲ್ಲಿನ ಬಣವೆಯ ಹತ್ತಿರ ಮರ ಕೊಯ್ಯಬೇಡಿ. ಕೆಲಸ ಮುಗಿದ ಮೇಲೆ ಹೊಟ್ಟನ್ನು ಗುಡಿಸಿ, ನೀರು ಚಿಮುಕಿಸಿ, ಮನೆ ಕೊಟ್ಟಿಗೆಗಳಿಂದ ದೂರ ಹಾಕಿ.

ಒಂದು ಮರ ಬಲಿಯಲು ದಶಕಗಳು ಬೇಕು. ಹಲಗೆ ಕೆಡಲು ಒಂದು ಗಳಿಗೆ ಸಾಕು. ಮೊದಲ ಕಲೆ ಕಂಡೊಡನೆ ಮೋಟಾರು ನಿಲ್ಲಿಸಿ, ಕಾರಣ ಹುಡುಕಿ.